ಬಿಲ್ಲು ಹಿಡಿದು ಹೋಗುತ್ತಿದ್ದ ಮನೆ

ನನಗೆ ಯಾರ ಮನೆಗೂ ಸುಮ್ಮನೆ ಹೋಗಿ ಗೊತ್ತಿಲ್ಲ. ಹೋಗಲು ಒಂದು ಕಾರಣ ಬೇಕು, ಕೈಯಲ್ಲಿ ಏನಾದರೂ ಇರಬೇಕು. ಹಳ್ಳಿಯ ಶಾಲೆಯಲ್ಲಿ ಓದುವಾಗಲೂ ಹಾಗೆಯೇ. ಎದ್ದು ನಿಂತು ಪಾಠ ಒಪ್ಪಿಸು ಅಂದರೆ ಸ್ಲೇಟನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಅಜ್ಜಿ ಯಾಕೆ ಎಲ್ಲಿಗೂ ಬರುವುದಿಲ್ಲ ಎಂದು ನೀವು ಕೇಳುತ್ತೀರಿ. ಬಾಯಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಚಾಮರಾಜಪೇಟೆಯಲ್ಲಿ ನೀರಿನ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದರು. ಸುತ್ತಮುತ್ತಲ ಮನೆಗಳ ಮೋಟಾರನ್ನು ತಿಂಗಳಿಗೊಮ್ಮೆ ಹೋಗಿ ನೋಡುವುದು, ವರ್ಷಕ್ಕೆರಡು ಸಲ ಸಂಪು, ಟ್ಯಾಂಕು ತೊಳೆಸಿಕೊಡುವುದು. ಅದಕ್ಕೆ ತಿಂಗಳಿಗಿಷ್ಟು ಎಂದು ಮಾತಾಗಿರುತ್ತಿತ್ತು. ಕೈಕೆಲಸದಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಹಾಗಾಗಿ ಬಿಲ್ಲು ಬರೆಯುವುದು ನನ್ನ ಪಾಲಿಗೆ ಬಂತು. ತಿಂಗಳ ಕೊನೆಯ ಎರಡು ಮಧ್ಯಾಹ್ನ ಕೂತು ಬರೆಯುತ್ತಿದ್ದೆ. ಎಲ್ಲ ಬಿಲ್ಲಿನ ಕೆಳಗೂ ನನ್ನದೇ ಒಂದು ಸಾಲು: “ಈ ತಿಂಗಳು ಮೋಟಾರು ನೋಡಿ ಆಗಿದೆ. ನೀರಿಗೆ ತೊಂದರೆಯಾದರೆ ದಯವಿಟ್ಟು ತಿಳಿಸಿ.” ನಡೆದು ಹೋಗುವಷ್ಟು ಹತ್ತಿರದ ಮನೆಗಳಿಗೆ ಒಂದನೇ ತಾರೀಖು ನಾನೇ ಕೊಟ್ಟು ಬರುತ್ತಿದ್ದೆ.

ಹಾಗೆ ಹೋಗುತ್ತಿದ್ದ ಮನೆಗಳಲ್ಲಿ ಶಂಕರಪುರದ ಟೀಚರಮ್ಮನ ಮನೆಯೂ ಒಂದು. ಅವರು ಕನ್ನಡ ಕಲಿಸಿ ನಿವೃತ್ತರಾದವರು. ಯಜಮಾನರು ಬ್ಯಾಂಕಿನಲ್ಲಿದ್ದವರು, ವರಾಂಡದಲ್ಲಿ ಪೇಪರು ಹಿಡಿದು ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಮೊದಲ ಸಲ ಗೇಟಿನಲ್ಲೇ ಬಿಲ್ಲು ಕೊಟ್ಟು ತಿರುಗಿದವಳನ್ನು ಟೀಚರಮ್ಮ ಒಳಗೆ ಕರೆದು ಕಾಫಿ ಕೊಟ್ಟರು. “ಇಷ್ಟು ದುಂಡಾದ ಅಕ್ಷರ ನೋಡಿದ್ರೆ ದುಡ್ಡು ಕೊಡೋಕೂ ಬೇಜಾರಾಗಲ್ಲ ಇವ್ರೇ” ಅಂದರು. ನಾನು ತಲೆ ತಗ್ಗಿಸಿ ನಕ್ಕೆ. ಆಮೇಲೆ ಪ್ರತಿ ತಿಂಗಳೂ ಒಂದು ಲೋಟ ಕಾಫಿ, ಅರ್ಧ ಗಂಟೆ ಮಾತು. ಮಾತೆಲ್ಲ ಅವರದೇ. ಹೊರಡುವಾಗ ಕುಂಕುಮದ ಬಟ್ಟಲು ಮುಂದೆ ಹಿಡಿದು ಒಂದು ತುಂಡು ಮಲ್ಲಿಗೆ ಕೊಡುತ್ತಿದ್ದರು. ಹನ್ನೊಂದು ವರ್ಷ ಹೀಗೆ ನಡೆಯಿತು.

ತಾತ ತೀರಿಕೊಂಡ ಮೇಲೆ ಎರಡು ತಿಂಗಳು ನಾನು ಹೊಸಿಲು ದಾಟಲಿಲ್ಲ. ಅಂಗಡಿಯನ್ನು ನಿಮ್ಮಪ್ಪ ನೋಡಿಕೊಂಡ. ಮೂರನೆಯ ತಿಂಗಳು ಬಿಲ್ಲುಗಳನ್ನು ಬರೆದು, ಹತ್ತಿರದವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಉಳಿದ ಮನೆಗಳೇನೂ ಕಷ್ಟವಾಗಲಿಲ್ಲ, ಅಲ್ಲಿ ಗೇಟಿನಲ್ಲೇ ಕೆಲಸ ಮುಗಿಯುತ್ತಿತ್ತು. ಟೀಚರಮ್ಮನ ಬೀದಿ ಬಂದಾಗ ಕಾಲು ನಿಧಾನವಾಯಿತು. ಕಾಫಿ ಕುಡಿದು ಏಳುವ ಆ ಗಳಿಗೆ ಬರುತ್ತದಲ್ಲ, ಆಗ ಅವರೇನು ಮಾಡುತ್ತಾರೆ? ಅಭ್ಯಾಸಬಲದಿಂದ ಬಟ್ಟಲು ತಂದುಬಿಟ್ಟರೆ ಇಬ್ಬರಿಗೂ ಸಂಕಟ. ತರದೆ ಸುಮ್ಮನೆ ಕಳಿಸಿದರೆ ಅದೂ ಸಂಕಟ. ಊರಿನಲ್ಲಿ ನಾನೇ ನೋಡಿದ್ದೇನೆ, ಗಂಡ ಸತ್ತವಳು ಹೊರಡುತ್ತೇನೆ ಅಂದಾಗ ಮನೆಯವರು ಗೋಡೆಯ ಕಡೆ ನೋಡುವುದನ್ನು.

ಟೀಚರಮ್ಮ ಎಂದಿನಂತೆ ಕಾಫಿ ಕೊಟ್ಟರು. ತಾತನ ವಿಷಯ ಒಂದೇ ಮಾತಿನಲ್ಲಿ ಕೇಳಿದರು. ನಾನು ಎದ್ದಾಗ ಅವರೂ ಎದ್ದು, ದೇವರ ಮನೆಯ ಕಡೆ ತಿರುಗದೆ ಹಿತ್ತಿಲಿಗೆ ಹೋದರು. ಒಂದು ಹಿಡಿ ಕರಿಬೇವು ಮುರಿದು, ಪೇಪರಿನಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟರು. “ಗಿಡ ಸಿಕ್ಕಾಪಟ್ಟೆ ಬೆಳೆದಿದೆ, ಮುರಿಯೋರಿಲ್ಲ. ಬಿಲ್ ತರೋವಾಗೆಲ್ಲ ನೀವೇ ತಗೊಂಡ್ ಹೋಗ್ಬೇಕು” ಅಂದರು. ಬೀದಿಯ ತಿರುವಿನವರೆಗೆ ತಡೆದುಕೊಂಡು ಬಂದೆ. ಅಲ್ಲಿ ಒಂದು ಮನೆಯ ಕಾಂಪೌಂಡಿಗೆ ಕೈ ಊರಿ ನಿಂತು ಅತ್ತೆ. ತಾತ ಹೋದ ಮೇಲೆ ಹೊರಗೆ ಅತ್ತದ್ದು ಅದೊಂದೇ ಸಲ.

ಅಂದಿನಿಂದ ನಾನು ಬಿಲ್ಲು ತಂದವಳು, ಅವರು ಬಿಲ್ಲು ತೆಗೆದುಕೊಂಡವರು. ಕೆಲಸಕ್ಕೆ ಬಂದವಳಿಗೆ ಕುಂಕುಮ ಕೊಡುವುದೋ ಬಿಡುವುದೋ ಎಂಬ ಪ್ರಶ್ನೆ ಏಳುವುದಿಲ್ಲ. ಆ ಕಾಗದವೊಂದು ಕೈಯಲ್ಲಿದ್ದರೆ ಸಾಕಿತ್ತು, ಆ ಮನೆಗೆ ನಾನು ಧೈರ್ಯವಾಗಿ ಹೋಗುತ್ತಿದ್ದೆ. ಹೀಗೆ ನಾಲ್ಕು ವರ್ಷ.

ಹೋದ ಸಂಕ್ರಾಂತಿಯ ಮಾರನೆಯ ವಾರ ನಿಮ್ಮಪ್ಪ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತ. ಮನೆಗಳೆಲ್ಲ ಅದರಲ್ಲಿ ಸೇರಿದ್ದವು. ಇನ್ನು ಮೇಲೆ ಬಿಲ್ಲು ಯಾರೂ ಬರೆಯಬೇಕಾಗಿಲ್ಲ, ಒಂದನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಎಲ್ಲರ ಫೋನಿಗೂ ತಾನಾಗಿಯೇ ಹೋಗುತ್ತದೆ ಅಂದ. ಆಗಲೇ ನನ್ನ ಮಂಡಿ ಊದಿತ್ತು. “ಬಿಸಿಲಲ್ಲಿ ಬೀದಿ ಬೀದಿ ಸುತ್ತೋದು ಸಾಕಮ್ಮ. ನೋಡು, ನಿನ್ನ ಸಾಲನ್ನೇ ಹಾಕಿದೀನಿ” ಎಂದು ತೋರಿಸಿದ. ನಿಜವಾಗಿಯೂ ಬಿಲ್ಲಿನ ಕೆಳಗೆ ನನ್ನದೇ ಮಾತಿತ್ತು, ಅಚ್ಚಿನ ಅಕ್ಷರದಲ್ಲಿ. ಅವನ ಮುಖ ನೋಡಿ ಚೆನ್ನಾಗಿದೆಯಪ್ಪ ಅಂದೆ. ಶಂಕರಪುರದ್ದೊಂದು ನಾನೇ ಕೊಡುತ್ತೇನೆ ಎಂದಿದ್ದರೆ ಅವನು ಬೇಡ ಅನ್ನುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ಸುಮ್ಮನಾದೆ. ಮಕ್ಕಳೇ, ಇದರಲ್ಲಿ ನಿಮ್ಮಪ್ಪನದು ಏನೂ ತಪ್ಪಿಲ್ಲ.

ಫೆಬ್ರವರಿ ಒಂದರಂದು ಒಂಬತ್ತು ಗಂಟೆಗೆ ಸೀರೆ ಉಟ್ಟು ಕೂತೆ. ಬಿಲ್ಲು ಆಗಲೇ ಹೋಗಿಯಾಗಿತ್ತು. ನಾನು ಏನು ಹಿಡಿದು ಹೋಗಲಿ? ಬಿಲ್ಲಿಲ್ಲದೆ ಹೋದರೆ ಮನೆಗೆ ಬಂದ ಹೆಂಗಸಾಗುತ್ತೇನೆ. ಆಗ ಆ ಬಟ್ಟಲಿನ ಪ್ರಶ್ನೆ ಮತ್ತೆ ಏಳುತ್ತದೆ. ಮುಂದಿನ ತಿಂಗಳು ನೋಡೋಣ ಅಂದುಕೊಂಡೆ. ಮೋಟಾರು ನೋಡಲು ಹೋಗುವ ನಮ್ಮ ಮೇಸ್ತ್ರಿ ಒಂದು ದಿನ, ಟೀಚರಮ್ಮ ನಿಮ್ಮನ್ನು ಕೇಳುತ್ತಿದ್ದರು, ಮಂಡಿ ನೋವು ಎಂದು ಹೇಳಿದೆ ಅಂದ. ಬರುತ್ತೇನೆ ಎಂದು ಹೇಳು ಅಂದೆ. ಮತ್ತೆ ಕೇಳಿದರಂತೆ, ಮತ್ತೆ ಅದನ್ನೇ ಹೇಳಿ ಕಳಿಸಿದೆ. ಮಂಡಿ ಊತ ಏಪ್ರಿಲ್ ಹೊತ್ತಿಗೇ ಇಳಿದಿತ್ತು.

ಅಕ್ಟೋಬರಿನ ಬಿಲ್ಲು ಹೋದ ದಿನವೇ ಟೀಚರಮ್ಮನ ಯಜಮಾನರು ಅಂಗಡಿಗೆ ಫೋನು ಮಾಡಿದರು. ನಿಮ್ಮಪ್ಪ ಊಟಕ್ಕೆ ಬಂದವನು ಹೇಳಿದ. ಮೋಟಾರಿನ ಕೆಲಸ ಹಾಗೇ ಮುಂದುವರಿಯಲಿ, ಬಿಲ್ಲಿನಲ್ಲಿ ಹೆಸರು ಮಾತ್ರ ಬದಲಾಯಿಸಿ, ತಮ್ಮ ಹೆಸರು ಹಾಕಿ ಅಂದರಂತೆ. ಯಾಕೆ ಸಾರ್ ಎಂದು ಇವನು ಕೇಳಿದ್ದಾನೆ. “ಅವಳು ಹೋಗಿ ಹದಿನೆಂಟು ದಿನ ಆಯ್ತಪ್ಪ. ಹೃದಯಾಘಾತ” ಅಂದರಂತೆ.

ನಾನು ಮಜ್ಜಿಗೆ ಬಡಿಸುತ್ತಿದ್ದೆ. ಬಡಿಸಿ ಮುಗಿಸಿದೆ.

ಊಟವಾದ ಮೇಲೆ ನಿಮ್ಮಪ್ಪ ಹೆಸರು ತಿದ್ದಲು ಲ್ಯಾಪ್‌ಟಾಪ್ ತೆರೆದ. ಟೀಚರಮ್ಮನ ಪುಟ ತೆಗೆದವನು ಅದನ್ನು ನನ್ನ ಕಡೆ ತಿರುಗಿಸಿದ. “ಅಮ್ಮ, ಇಲ್ಲಿ ನೋಡು” ಅಂದ. ಬಿಲ್ಲು ತಲುಪಿದವರು ತಿರುಗಿ ಏನಾದರೂ ಬರೆದರೆ ಅದು ಅಲ್ಲೊಂದು ಕಡೆ ಬಂದು ಸೇರುತ್ತದಂತೆ. ಅದನ್ನು ತೆರೆದು ನೋಡಬೇಕೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲಿ ಟೀಚರಮ್ಮನ ಕನ್ನಡವಿತ್ತು. ಫೋನಿನಲ್ಲಿ ಬರೆದರೂ ವಾಕ್ಯ ಮುಗಿದಲ್ಲೆಲ್ಲ ಚುಕ್ಕೆ ಇಟ್ಟಿದ್ದರು.

ಫೆಬ್ರವರಿಯಲ್ಲಿ: “ಬಿಲ್ ಬಂತು. ಹಣ ಕಳಿಸಿದ್ದೇನೆ. ನೀವೂ ಫೋನಿನಲ್ಲಿ ಬರೆಯಲು ಕಲಿತಿರಲ್ಲ, ಸಂತೋಷ. ಆದರೆ ಆ ದುಂಡು ಅಕ್ಷರ ಇದರಲ್ಲಿ ಕಾಣುವುದಿಲ್ಲ.” ಏಪ್ರಿಲ್‌ನಲ್ಲಿ: “ಮಂಡಿ ಹೇಗಿದೆ?” ಜೂನ್‌ನಲ್ಲಿ: “ನನ್ನಿಂದ ಏನಾದರೂ ತಪ್ಪಾಯಿತೇ?”

ಕೆಳಗಿನ ಆ ಸಾಲನ್ನು ಪ್ರತಿ ತಿಂಗಳೂ ನಾನೇ ಕೂತು ಬರೆಯುತ್ತೇನೆ ಅಂದುಕೊಂಡಿದ್ದರು. ಮೋಟಾರಿನ ಮಾತು ಬರೆಯುವವಳು ತಮ್ಮ ಮಾತಿಗೆ ಮಾತ್ರ ಉತ್ತರ ಕೊಡುವುದಿಲ್ಲ ಎಂದು ತಿಳಿದುಕೊಂಡೇ ಹೋದರು.

ಕೊನೆಯದು ಸೆಪ್ಟೆಂಬರ್ ಒಂದರದು: “ಕರಿಬೇವು ಮತ್ತೆ ಚಿಗುರಿದೆ. ಬಿಲ್ ಇಲ್ಲದೆಯೂ ಬರಬಹುದು.”

ನಿಮ್ಮಪ್ಪ ನನ್ನ ಕೈ ಹಿಡಿದುಕೊಂಡ. ಅಷ್ಟು ವರ್ಷ ನಾನು ಆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಒಬ್ಬಳೇ ಹೊರಟೆ. ಚೀಲ ತೆಗೆದುಕೊಳ್ಳಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಯಜಮಾನರು ವರಾಂಡದಲ್ಲೇ ಇದ್ದರು. ಪೇಪರು ಮಡಿಸಿಟ್ಟು ಗೇಟಿಗೆ ಬಂದರು. “ಬಿಲ್ಲೇನಮ್ಮ? ನಿನ್ನೆ ಫೋನಿಗೆ ಬಂತಲ್ಲ” ಅಂದರು. ಅವರಿಗೆ ಗೊತ್ತಿದ್ದ ನಾನು ಅಷ್ಟೇ, ಬಿಲ್ಲಿನವಳು. ಟೀಚರಮ್ಮನನ್ನು ನೋಡಲು ಬಂದೆ ಎನ್ನಬೇಕಿತ್ತು. ನನ್ನಿಂದ ತಪ್ಪಾಯಿತು, ಅವರಿಂದಲ್ಲ ಎಂದು ಆ ಮನೆಯಲ್ಲಿ ಒಬ್ಬರಿಗಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

ಮೋಟಾರು ಸರಿಯಾಗಿದೆಯೇ ಎಂದು ಕೇಳಿದೆ. ಸರಿಯಾಗಿದೆ ಅಂದರು. ನೀರು ಚೆನ್ನಾಗಿ ಏರುತ್ತಿದೆಯೇ ಅಂದೆ. ಏರುತ್ತಿದೆ ಅಂದರು. ಅವರ ಹಿಂದೆ, ಮನೆಯ ಪಕ್ಕದ ಸಂದಿಯಿಂದ, ಹಿತ್ತಿಲಿನ ಗಿಡ ಕಾಣುತ್ತಿತ್ತು. ಯಾರೂ ಮುರಿಯದೆ ಎಲೆ ದಟ್ಟವಾಗಿತ್ತು.