ಹೊಲದ ಅಂಚಿನ ಕೂಸು

ಕುರುಗೋಡಿನ ‘ಅಕ್ಕನ ಬಳಗ’ ಎಂಬ ನಮ್ಮ ಹೆಂಗಸರ ಸಂಘದಲ್ಲಿ ಯಾರಿಗೆ ಏನು ಕೊಡಬೇಕೆಂದು ತೀರ್ಮಾನಿಸುವವಳು ನಾನೇ. ದೇಶ ಬಿಟ್ಟು ಬಂದು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಬಂಗಾಳಿ ಗಂಡ ಹೆಂಡತಿಗೆ ಕಂಬಳಿ, ಜೋಳದ ಹಿಟ್ಟು ಕೊಟ್ಟದ್ದೂ ಹಾಗೆಯೇ. ಅವರಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿರಲಿಲ್ಲ.

ಅವರ ಮೂರು ತಿಂಗಳ ಗಂಡು ಕೂಸು ಜ್ವರ ಬಂದು ತೀರಿಕೊಂಡಿತು. ಒಂದೊಂದು ಜಾತಿಗೂ ಒಂದೊಂದು ಸುಡುಗಾಡು. ಇವರಿಗೆ ಯಾವುದೂ ಇರಲಿಲ್ಲ. "ನಮ್ಮ ಹೊಲಕ್ಕ ತರ್ರಿ" ಎಂದೆ.

ಮೈದುನ ಅಡ್ಡ ನಿಂತ. "ಯಾರದೋ ಕೂಸಿಗೆ ನಮ್ಮ ಹೊಲ ಯಾಕ ಅತ್ತಿಗಿ?"

"ಬಳ್ಳಾರಿಯಾಗ ಜೀನ್ಸ್ ಪ್ಯಾಂಟು ಹೊಲಿದು ನಾನು ಕೊಂಡ ಹೊಲ ಇದು. ನಿಮ್ಮಪ್ಪ ಬಿಟ್ಟು ಹೋಗಿದ್ದಲ್ಲ. ಸರಿ ಆ ಕಡಿ."

ಗುಣಿ ತೋಡುವವನನ್ನು ಕರೆಸಿದ್ದೂ ನಾನೇ. ನಮ್ಮಲ್ಲಿ ಸತ್ತವರನ್ನು ಮಲಗಿಸದೆ, ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಮಾಡುತ್ತೇವೆ. ಅವನು ಅದೇ ರೂಢಿಯಂತೆ ಆಳವಾಗಿ, ಇಕ್ಕಟ್ಟಾಗಿ ತೋಡಿದ. ನಾನು ಕೂಸಿಗೆ ಕೈಚಾಚಿದೆ. ತಾಯಿ ಕೊಡಲಿಲ್ಲ. ಗುಣಿಯನ್ನೇ ನೋಡುತ್ತಾ, ಹರಕು ಕನ್ನಡದಲ್ಲಿ ಹೇಳಿದಳು:

"ಅಮ್ಮಾ, ಇವನಿಗೆ ಇನ್ನೂ ಕೂಡಾಕ ಬರಂಗಿಲ್ಲ."

ಮೈದುನನೇ ಸಲಿಕೆ ಇಸಿದುಕೊಂಡು ಗುಣಿಯನ್ನು ಉದ್ದ ಮಾಡಿದ. ಆಕೆ ನಾನು ಕೊಟ್ಟಿದ್ದ ಕಂಬಳಿ ಹಾಸಿ, ಮಗನನ್ನು ಮಗ್ಗುಲಾಗಿ ಮಲಗಿಸಿ, ನಿದ್ದೆ ಬರುವವರೆಗೂ ತಟ್ಟುವ ಹಾಗೆ ತಟ್ಟಿದಳು.

ಈಗ ಕೊಡುವ ಮುಂಚೆ, "ನಿಮಗ ಏನು ಬೇಕ್ರಿ?" ಎಂದು ಕೇಳುತ್ತೇನೆ. ಬಳಗದವರಿಗೆ ಗಾಬರಿಯಾಗಿದೆ. "ಅಕ್ಕಾರಿಗೆ ಮೈಯಾಗ ಆರಾಮಿಲ್ಲೇನು?" ಎಂದು ಮೈದುನನನ್ನು ವಿಚಾರಿಸಿದರಂತೆ.