ಮೂಗು ಹಿಡಿಯುವ ವಿದ್ಯೆ

ಶಿಕ್ಷಕರನ್ನೆಲ್ಲ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳಾಗಿ ಕೂಡಿಸಿ ನೋಡಿ, ಮೊದಲು ತುಂಬುವುದು ಹಿಂದಿನ ಬೆಂಚು. ವರ್ಷವಿಡೀ "ಮುಂದೆ ಬಾ, ಮುಂದೆ ಬಾ" ಎಂದು ಮಕ್ಕಳ ಪ್ರಾಣ ತಿನ್ನುವ ನಾವು, ಎಂಬತ್ತರ ದಶಕದ ಆರಂಭದ ಒಂದು ಶ್ರಾವಣದಲ್ಲಿ ಬಾಗಲಕೋಟೆಯ ಶಾಲೆಯೊಂದರಲ್ಲಿ ನಡೆದ ತರಬೇತಿಗೆ ಹೋದಾಗ, ಆ ಹಿಂದಿನ ಬೆಂಚಿಗಾಗಿ ನಾ ಮುಂದೆ ತಾ ಮುಂದೆ ಎಂದು ನುಗ್ಗಿದೆವು. ಮೂಲೆಯ ಜಾಗ ನನಗೆ ದಕ್ಕಿತೆಂದು ಇಂದಿಗೂ ನನಗೆ ಸಣ್ಣದೊಂದು ಹೆಮ್ಮೆಯಿದೆ.

ವಿಷಯ, ಮಕ್ಕಳ ಮಾನಸಿಕ ಆರೋಗ್ಯ. ಮಕ್ಕಳ ಹೊಟ್ಟೆಯಲ್ಲಿ ಜಂತುಹುಳುಗಳಿರುವುದನ್ನು ನಾವು ಬಲ್ಲೆವು. ಅವರ ಮನಸ್ಸಿನಲ್ಲಿ ಭಯ, ದುಃಖ, ಅವಮಾನಗಳೂ ಮನೆ ಮಾಡಿರುತ್ತವೆ, ಅವುಗಳನ್ನು ಗುರುತಿಸಿ ತರಗತಿಯಲ್ಲೇ ಹಗುರಗೊಳಿಸುವ ಪಾಠಗಳನ್ನು ನೀವೇ ನಡೆಸಬೇಕು ಎಂದು ಬೆಂಗಳೂರಿನಿಂದ ಬಂದ ಡಾಕ್ಟರಮ್ಮ ಹೇಳಿದಾಗ ನನಗೆ ರೋಮಾಂಚನವೇ ಆಯಿತು. ಸಂಜೆಯ ಹೊತ್ತಿಗೆ ನಾನು ಅರ್ಧ ಡಾಕ್ಟರಾಗಿಬಿಟ್ಟಿದ್ದೆ. ಊಟ ಬಡಿಸುವವನಲ್ಲಿ ಖಿನ್ನತೆ, ಪಕ್ಕದ ಶಿಕ್ಷಕಿಯಲ್ಲಿ ಚಂಚಲತೆ, ಇಳಕಲ್ಲಿನಲ್ಲಿದ್ದ ನನ್ನ ಪತಿದೇವರಲ್ಲಂತೂ ಇನ್ನೂ ನಾಮಕರಣವಾಗದ ಸಕಲ ವ್ಯಾಧಿಗಳೂ ನಿಚ್ಚಳವಾಗಿ ಕಾಣತೊಡಗಿದವು.

ಈ ಉತ್ಸಾಹಕ್ಕೆ ಒಂದು ನಿಜವಾದ ಕಾರಣವೂ ಇತ್ತು. ನನ್ನ ಮೂರನೇ ಇಯತ್ತೆಯ ನೀಲವ್ವ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಪಾಟಿಯ ಮೇಲೆ ಲೆಕ್ಕವೆಲ್ಲ ಸರಿ. ಎಬ್ಬಿಸಿ ಕೇಳಿದರೆ ಮೌನವ್ರತ. ಅವಳಪ್ಪ ಶಂಕ್ರಪ್ಪ ಸೀರೆ ನೇಯುವವನು. ಒಂದು ದಿನ ಬಂದು, "ದಸರಾ ತನಕಾ ನೋಡ್ತೇನ್ರಿ ಅಕ್ಕಾರ. ಸಾಲ್ಯಾಗ ಮಾತ ಆಡದಾಕಿ ಸಾಲಿ ಕಲತ ಏನ್ ಮಾಡ್ತಾಳ್ರಿ? ಮನ್ಯಾಗ ಕಂಡಿಕಿ ಸುತ್ತಲಿ" ಎಂದು ಗಡುವು ಕೊಟ್ಟು ಹೋಗಿದ್ದ. ಮಗ್ಗಕ್ಕೆ ನೂಲು ಸುತ್ತಿಕೊಡುವ ಆ ಕೆಲಸಕ್ಕೆ ಒಮ್ಮೆ ಕೂತ ಹುಡುಗಿ ಮತ್ತೆ ಶಾಲೆಗೆ ಎದ್ದು ಬಂದದ್ದನ್ನು ನಾನು ಕಂಡಿರಲಿಲ್ಲ. ಅವಳ ಮೌನಕ್ಕೊಂದು ಹೆಸರು, ಹೆಸರಿಗೊಂದು ಮದ್ದು ಹುಡುಕಿಕೊಂಡೇ ನಾನು ಬಾಗಲಕೋಟೆಗೆ ಬಂದಿದ್ದೆ.

ಕಡೆಯ ದಿನ ಡಾಕ್ಟರಮ್ಮ ನಮ್ಮನ್ನೇ ಮಕ್ಕಳೆಂದು ಭಾವಿಸಿ ಪಾಠ ಮಾಡಿದರು. ಹಿಂದಿನ ದಿನ ಹೇಳಿದ್ದನ್ನು ಸಾಲಾಗಿ ಕೇಳುತ್ತ ಬಂದರೆ ಒಬ್ಬರಿಗೂ ನೆನಪಿಲ್ಲ. ಕೆರೂರಿನ ತರುಣ ಮಾಸ್ತರರೊಬ್ಬರು ಮಾತ್ರ ಎದ್ದು ಪಟಪಟನೆ ಹೇಳಿದರು. ಯಾರೂ ಕಲಿಸಬೇಕಾಗಲಿಲ್ಲ, ನಾವೆಲ್ಲ ಏಕಕಂಠದಿಂದ ಕೂಗಿದೆವು: "ಹಿಡೀರಿ ಮೂಗ!"

ನಮ್ಮ ಸೀಮೆಯ ಶಾಲೆಗಳಲ್ಲಿ ಕಲಿತವರಿಗೆ ಇದನ್ನು ವಿವರಿಸಬೇಕಿಲ್ಲ. ಉತ್ತರ ಹೇಳಿದವರು, ಹೇಳಲಾರದವರ ಮೂಗನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಕೆನ್ನೆಗೆ ಬಾರಿಸುತ್ತ ಸಾಗಬೇಕು. ಕೆರೂರಿನ ಮಾಸ್ತರರೂ ರೂಢಿಬಲದಿಂದ ತೋಳೇರಿಸಿ ಹೊರಟರು. ನನ್ನ ನಾಸಿಕವೂ ಸಾಂಗವಾಗಿ ಸೇವೆ ಪಡೆಯಿತು. ಆದರೆ ಬಾದಾಮಿಯ ವೃದ್ಧ ಹೆಡ್ಮಾಸ್ತರರ ಮುಂದೆ ಬಂದಾಗ ಕೆರೂರಿನವರ ಕೈ ನಿಂತುಬಿಟ್ಟಿತು.

"ಇವರು ನನಗ ಅಕ್ಷರಾ ಕಲಿಸಿದ ಗುರುಗಳ್ರಿ. ಇವರ ಮೂಗ ಹ್ಯಾಂಗ ಹಿಡೀಲ್ರಿ?"

"ಹಿಡೀಪಾ, ನಾ ಮಂದೀದು ಹಿಡಿಸಿದ್ದೇನ ಕಡಿಮಿ ಐತಿ?" ಎಂದು ಹಿರಿಯರು ಮೂಗು ಮುಂದೆ ಮಾಡಿದರು. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೆರೂರಿನವರು ಮಾತ್ರ ಆ ಮೂಗು ಮುಟ್ಟದೆ, ತಲೆ ತಗ್ಗಿಸಿ ಹೋಗಿ ಕೂತರು. ಆಮೇಲೆ ಸಂಜೆಯವರೆಗೆ ಡಾಕ್ಟರಮ್ಮ ಏನು ಕೇಳಿದರೂ, ನಮ್ಮಲ್ಲೇ ಜಾಣರಾದ ಆ ಮನುಷ್ಯ ಮತ್ತೆ ಕೈ ಎತ್ತಲಿಲ್ಲ.

ಊರಿಗೆ ಮರಳುವ ಬಸ್ಸು ಹುನಗುಂದ ದಾಟುವಾಗ ನನಗೆ ಥಟ್ಟನೆ ಹೊಳೆಯಿತು. ನೀಲವ್ವನ ಅಣ್ಣ! ನಪಾಸಾಗಿ ಅದೇ ತರಗತಿಯಲ್ಲಿ ಕೂತವನು, ಯಾವ ಪ್ರಶ್ನೆಗೂ ಉತ್ತರ ಬಾರದವನು. ಈಕೆ ಬಾಯಿ ಬಿಟ್ಟರೆ ಎಲ್ಲರೆದುರು ಅವನ ಮೂಗು ಹಿಡಿಯಬೇಕು. ಸಂತೋಷಕ್ಕೆ ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಇಳಕಲ್ ಇನ್ನೂ ಬಂದಿಲ್ರಿ ಅಕ್ಕಾರ, ಕುಂದರ್ರಿ" ಎಂದ ಕಂಡಕ್ಟರ್. ಕೂಡುವ ಸ್ಥಿತಿಯಲ್ಲಿ ನಾನೆಲ್ಲಿದ್ದೆ!

ಮರುದಿನ ತರಗತಿಯಲ್ಲಿ ಸಾರಿದೆ: ಮೂಗು ಹಿಡಿಯುವುದು ಇನ್ನು ಬಂದ್. ಉತ್ತರ ಬಲ್ಲವರು ಬಾರದವರ ಕಿವಿಯಲ್ಲಿ ಹೇಳಿಕೊಡಬೇಕು, ಆಮೇಲೆ ಇಬ್ಬರೂ ಎದ್ದು ಕೂಡಿ ಹೇಳಬೇಕು. ಹೊಡೆಯುವ ಸುಖ ಕಳೆದುಕೊಂಡ ಹಲವರ ಮುಖ ಬಾಡಿತು. ಏಳೆಂಟಲೆ ಎಷ್ಟೆಂದು ಕೇಳಿದೆ. ನೀಲವ್ವ ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದಳು. ಎದ್ದು ಹುಡುಗರ ಸಾಲಿಗೆ ನಡೆದು ಅವನ ಕಿವಿಗೆ ಬಾಯಿ ಹಚ್ಚಿದಳು. "ಐವತ್ತಾರು!" ಎಂದು ಇಬ್ಬರೂ ಕೂಗಿದ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಸುದ್ದಿ ಕೇಳಿದ ಶಂಕ್ರಪ್ಪ ಮಗ್ಗ ಬಿಟ್ಟು ಓಡಿಬಂದು, ಪಾಠದ ನಡುವೆಯೇ ಬಾಗಿಲಲ್ಲಿ ನಿಂತು, "ಖರೇನ ನಮ್ಮ ನೀಲಿ ದನೀ ಏನ್ರಿ ಅದು? ನೀಲೀನ ಏನ್ರಿ?" ಎಂದು ಬಿಡದೆ ಕೇಳತೊಡಗಿದ.

"ಅಪ್ಪಾ, ಸುಮ್ನ ನಿಂದರು. ಸಾಲಿ ನಡದೈತಿ" ಎಂದಳು ನೀಲವ್ವ.

ಅವನು ಕೈಕಟ್ಟಿಕೊಂಡು ನಿಂತ. ದಸರೆಯ ರಜೆ ಮುಗಿದು ಶಾಲೆ ತೆರೆದ ದಿನ ಮಗಳ ಕೈ ಹಿಡಿದು ಕರೆತಂದವನೂ ಅವನೇ. ದಾರಿಯುದ್ದಕ್ಕೂ ಅವಳೇ ಮಾತಾಡಿದಳಂತೆ. ಇವನಿಗೆ ಹೂಂ ಅನ್ನಲಿಕ್ಕೂ ಬಿಡಲಿಲ್ಲವಂತೆ.