ಪುಕ್ಕಟೆ ಫೋನಿನ ವ್ಯಾಟ್

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ನಾನು ಮದುವೆಯಾಗಿ ಲಂಡನ್ನಿನ ಹ್ಯಾರೋಗೆ ಬಂದೆ, ಅವಳು ಮದುವೆಯಾಗಿ ಮಂಗಳೂರಿನಲ್ಲೇ ಉಳಿದಳು, ಅಮ್ಮ ಅವಳ ಪಾಲಾದಳು. ಬೆಳಗ್ಗೆ ಅಮ್ಮನ ಕೈಯ ಕಾಫಿ ಅವಳಿಗೆ. ಊಟವಾದ ಮೇಲೆ ಅಮ್ಮನ ಪಕ್ಕ ಕಾಲು ಚಾಚಿ ನೆಂಟರಿಷ್ಟರ ಸುದ್ದಿ ಮಾತಾಡುವ ಭಾಗ್ಯವೂ ಅವಳಿಗೆ. ನಾನು ಭಾನುವಾರ ಅವಳ ಫೋನಿಗೆ ಕರೆ ಮಾಡಬೇಕು, ಅವಳ ಮಾತೆಲ್ಲ ಮುಗಿದ ಮೇಲೆ ಅಮ್ಮ ಸಿಗುತ್ತಿದ್ದಳು. ಅಷ್ಟು ಹೊತ್ತಿಗೆ ಅಮ್ಮನಿಗೆ ಹೇಳಲು ಏನೂ ಉಳಿದಿರುತ್ತಿರಲಿಲ್ಲ.

ಹಾಗಾಗಿ ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಅಮ್ಮ ನಮ್ಮಲ್ಲಿಗೆ ಬಂದಾಗ ಅವಳಿಗೊಂದು ಸ್ಮಾರ್ಟ್‌ಫೋನ್ ಕೊಡಿಸಲೇಬೇಕು ಎಂದುಕೊಂಡೆ. ಅಮ್ಮನದೇ ಫೋನು, ನಾನು ಕೊಟ್ಟದ್ದು. ಊರಿಗೆ ಹೋದ ಮೇಲೆ ಮಧ್ಯೆ ಯಾರೂ ಇಲ್ಲದೆ ನಾವಿಬ್ಬರೇ ಮುಖ ನೋಡಿಕೊಂಡು ಮಾತಾಡಬಹುದು. ಹೈ ಸ್ಟ್ರೀಟಿನ ಅಂಗಡಿಯ ಗಾಜಿಗೆ ‘ಫೋನ್ ಉಚಿತ’ ಎಂದು ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದರು. ತಿಂಗಳಿಗಿಷ್ಟೆಂದು ಕಟ್ಟುವ ಎರಡು ವರ್ಷದ ಪ್ಲಾನಿಗೆ ನನ್ನ ಹೆಸರಿನಲ್ಲಿ ಸಹಿ ಹಾಕಿ ತಂದೆ. ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತ, “ದೊಡ್ಡವಳು ಕೊಟ್ಟದ್ದು” ಎನ್ನುವಾಗ ನಾನು ಬೇರೆ ಕಡೆ ನೋಡುವ ನಟನೆ ಮಾಡುತ್ತಿದ್ದೆ. ಒಂದಕ್ಷರವೂ ಬಿಡದೆ ಕೇಳಿಸಿಕೊಳ್ಳುತ್ತಿದ್ದೆ.

ಅಮ್ಮನನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಲಂಡನ್ ನೋಡಲು ತಂಗಿ ಬಂದಳು. ಅಮ್ಮನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮರುದಿನವೇ ಪೇಟೆಯ ದೊಡ್ಡ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಅಂಥದ್ದೇ ಒಂದನ್ನು ತನಗೆಂದು ತಂದಳು. ಪೆಟ್ಟಿಗೆಯನ್ನು ಬಿಚ್ಚಲಿಲ್ಲ.

“ಅಕ್ಕಾ, ನಾನು ಟೂರಿಸ್ಟ್ ಅಲ್ವಾ? ಇದನ್ನು ಹೀಗೇ ಏರ್‌ಪೋರ್ಟಿನಲ್ಲಿ ತೋರಿಸಿದ್ರೆ ಬೆಲೆಯಲ್ಲಿ ಸೇರಿದ ವ್ಯಾಟ್ ತೆರಿಗೆ ವಾಪಸ್ ಕೊಡ್ತಾರಂತೆ. ನಿಂಗೆ ಗೊತ್ತುಂಟಾ?”

ನನಗೆ ಗೊತ್ತುಂಟಾ! ಒಂದು ಸೌತ್ ಇಂಡಿಯನ್ ರೆಸ್ಟೋರೆಂಟಿನ ಲೆಕ್ಕ ಬರೆಯುವವಳು ನಾನು. ಅಂಗಡಿಯ ಅಕ್ಕಿಗೆ ವ್ಯಾಟ್ ಇಲ್ಲ, ಅದೇ ಅಕ್ಕಿ ದೋಸೆಯಾಗಿ ಮೇಜಿಗೆ ಬಂದರೆ ಇದೆ ಎಂಬುದು ನನಗೆ ಬಾಯಿಪಾಠ. ರೆಸ್ಟೋರೆಂಟಿನ ಯಜಮಾನರ ಫೋನ್ ಬಿಲ್ಲಿನ ವ್ಯಾಟನ್ನು ವ್ಯಾಪಾರದ ಖರ್ಚೆಂದು ಸರ್ಕಾರದಿಂದ ಹಿಂದಕ್ಕೆ ತರಿಸಿಕೊಡುತ್ತಿದ್ದವಳೂ ನಾನೇ. ಅಂದರೆ ವ್ಯಾಪಾರ ಮಾಡುವವರಿಗೆ ವಾಪಸ್, ನೋಡಲು ಬಂದವರಿಗೆ ವಾಪಸ್. ಇಲ್ಲೇ ಇದ್ದು ದುಡಿಯುವ ನನಗೆ ಮಾತ್ರ ತಿಂಗಳು ತಿಂಗಳೂ ಕತ್ತರಿ. ಪುಕ್ಕಟೆ ಫೋನಿನ ಬೆಲೆಯನ್ನು ಪ್ಲಾನಿನೊಳಗೆ ಮೆಲ್ಲಗೆ ಸೇರಿಸಿರುತ್ತಾರೆ, ಆ ಇಡೀ ಮೊತ್ತದ ಮೇಲೆ ವ್ಯಾಟ್ ಹಾಕುತ್ತಾರೆ. ಆಡಿದ ಮಾತಿಗೂ ತೆರಿಗೆ, ಆಡದ ಮಾತಿಗೂ ತೆರಿಗೆ. ತಂಗಿ ಹಲ್ಲು ಬಿಟ್ಟುಕೊಂಡು ನಿಂತಿದ್ದಳು.

ಆಗ ಹೊಳೆಯಿತು: ಅಮ್ಮನೂ ಟೂರಿಸ್ಟೇ ಅಲ್ಲವೇ? ಅವಳ ಫೋನಿನ ವ್ಯಾಟೂ ವಾಪಸ್ ಬರಬೇಕಲ್ಲ! ಅವರು ಹೊರಡುವ ಹಿಂದಿನ ದಿನ ನಾನೊಬ್ಬಳೇ ಹೈ ಸ್ಟ್ರೀಟಿನ ಅಂಗಡಿಗೆ ಹೋಗಿ ಫೋನಿಗೆ ಪ್ರತ್ಯೇಕ ಬಿಲ್ಲು ಬೇಕೆಂದು ಪಟ್ಟು ಹಿಡಿದೆ. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, “ನಿಮ್ಮ ಫೋನಿನ ಬೆಲೆ ಸೊನ್ನೆ” ಎಂದಳು.

“ಹಾಗಾದರೆ ತಿಂಗಳ ಬಿಲ್ಲಿನಲ್ಲಿರುವ ವ್ಯಾಟ್ ಯಾವುದರದ್ದು?”

“ಸೇವೆಯದ್ದು. ಸೇವೆಯನ್ನು ಪೆಟ್ಟಿಗೆಯಲ್ಲಿಟ್ಟು ದೇಶದ ಹೊರಗೆ ಒಯ್ಯಲಾಗುವುದಿಲ್ಲವಲ್ಲ.”

ಲೆಕ್ಕ ಬಲ್ಲವಳಾದ್ದರಿಂದ ಅದು ಸರಿ ಎಂದು ತಕ್ಷಣ ಗೊತ್ತಾಯಿತು. ಹೊರಡಲು ತಿರುಗಿದೆ. ಆಗ ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು, “ಇಂಡಿಯಾಗೆ ಕಳಿಸುತ್ತೀರಾ? ಎರಡು ವರ್ಷ ಮುಗಿಯುವವರೆಗೆ ಇದರಲ್ಲಿ ನಮ್ಮ ಸಿಮ್ ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ.”

ಸಹಿ ಹಾಕುವಾಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗಿನಲ್ಲಿ ಯಾರೋ ಇಂಥ ಫೋನಿನ ಲಾಕ್ ಬಿಡಿಸಿಕೊಡುತ್ತಾರೆ ಎಂದು ನನ್ನ ಗಂಡ ಹೇಳಿದರು. ಅಲ್ಲಿಗೆ ಓಡಿ ಬರಲು ಹೊತ್ತೆಲ್ಲಿತ್ತು, ಬೆಳಗಾದರೆ ವಿಮಾನ.

ವಿಮಾನ ನಿಲ್ದಾಣದ ವ್ಯಾಟ್ ಸಾಲಿನಲ್ಲಿ ತಂಗಿಯ ಪಕ್ಕ ನಾನೂ ನಿಂತಿದ್ದೆ. ಅಧಿಕಾರಿ ಬಿಚ್ಚದ ಪೆಟ್ಟಿಗೆ ನೋಡಿ ಮುದ್ರೆ ಒತ್ತಿದ, ಪಕ್ಕದ ಕಿಟಕಿಯಲ್ಲಿ ನೋಟು ಎಣಿಸಿ ಕೊಟ್ಟರು. ಅವಳು ಆ ನೋಟುಗಳನ್ನು ಹಾಗೆಯೇ ಮಡಚಿ ನನ್ನ ಕೈಗೆ ತುರುಕಿದಳು.

“ಮಕ್ಕಳಿಗೆ ಎಂತಾದ್ರೂ ತಗೊಂಡು ಹೋಗು ಅಕ್ಕಾ. ಮತ್ತೆ, ಈ ಫೋನು ಅಮ್ಮನಿಗೇ ಇರ್ಲಿ. ನಿನ್ನದು ಅಲ್ಲಿ ನಡೆಯುದಿಲ್ಲ ಅಂತ ಭಾವ ಹೇಳಿದ್ರು. ನಂಗೆ ಹಳೇದು ಸಾಕು.”

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಅಮ್ಮ ಅವಳ ಕೆನ್ನೆ ಸವರಿದಳು. ಆಮೇಲೆ ಚೀಲದಿಂದ ನಾನು ಕೊಟ್ಟ ಫೋನು ತೆಗೆದು, ಸೆರಗಿನಿಂದ ಒರೆಸಿ, ನನಗೆ ಕೊಟ್ಟಳು. “ಚಂದದ ಫೋನು ಮಗಾ, ಹಾಳಾಗುದು ಬೇಡ. ನೀನೇ ಇಟ್ಕೋ.”

“ಫೋಟೋ ನೋಡ್ಲಿಕ್ಕಾದ್ರೂ ಇರ್ಲಿ ಅಮ್ಮ” ಎಂದೆ.

“ಫೋಟೋ ಇದರಲ್ಲೂ ಬರ್ತದೆ” ಎಂದು ತಂಗಿ ತನ್ನ ಪೆಟ್ಟಿಗೆ ತಟ್ಟಿದಳು.

ಮುಂದೆ ಆ ಪ್ಲಾನಿನ ಬಿಲ್ಲನ್ನು ವ್ಯಾಟ್ ಸಮೇತ ಕೊನೆಯ ಕಂತಿನವರೆಗೂ ಕಟ್ಟಿದೆ. ಊರು ತಲುಪಿದ ಕೂಡಲೇ ತಂಗಿ ತನ್ನ ಒಂದು ಹಳೆಯ ಸಿಮ್ಮನ್ನೇ ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದಳು, ನನಗದು ಗೊತ್ತಿರಲಿಲ್ಲ. ಹೀಗಾಗಿ ಮೊದಲ ಸಲ ಅಮ್ಮ ತಾನಾಗಿಯೇ ನನಗೆ ಕರೆ ಮಾಡಿದಾಗ ಪರದೆಯ ಮೇಲೆ ಬಂದದ್ದು ಆ ನಂಬರಿಗೆ ನಾನು ಹಿಂದೆಯೇ ಬರೆದಿಟ್ಟಿದ್ದ ತಂಗಿಯ ಹೆಸರು. ಅವಳ ಮೇಲಿನ ಸಿಟ್ಟು ಆರಿರಲಿಲ್ಲ, ಬೇಕೆಂದೇ ಬಹಳ ಹೊತ್ತು ಬಡಿದುಕೊಳ್ಳಲು ಬಿಟ್ಟು ಎತ್ತಿದೆ.

“ಎಂತದೇ?” ಎಂದೆ ಒರಟಾಗಿ.

ಆ ಕಡೆಯಿಂದ ಅಮ್ಮನ ದನಿ, ಪಕ್ಕದಲ್ಲೇ ಕೂತಂತೆ ಸ್ಪಷ್ಟವಾಗಿ ಬಂತು. “ನಾನು ಮಗಾ. ಅವಳು ಒಳಗಿದ್ದಾಳೆ. ಅವಳಿಗೆ ಕೊಡ್ಲಾ?”